ಉಸುಕು ತೊಳೆಯುವವರು ಯಾರು?

ಫಿಲ್ಟರ್ ಕಸವನ್ನು ತಡೆದು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ನೀರು ಹಾಯ್ದಷ್ಟೂ ಅದು ಹೊಲಸಾಗುತ್ತದೆ. ಚೆನ್ನಾಗಿ ಕೆಲಸ ಮಾಡುವ ಫಿಲ್ಟರ್ ಇನ್ನೂ ಬೇಗ ಹೊಲಸಾಗುತ್ತದೆ. ಆದ್ದರಿಂದ ಅದನ್ನು ಯಾರು ತೊಳೆಯಬೇಕು, ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ತೊಳೆದ ನೀರು ಎಲ್ಲಿಗೆ ಹೋಗಬೇಕು ಎಂಬುದು ಕೂಡಿಸುವ ದಿನವೇ ಗೊತ್ತಾಗಿರಬೇಕು. ಅದು ಗೊತ್ತಾಗದೆ ಕೂಡಿಸಿದ ಫಿಲ್ಟರ್ ಕೆಲವೇ ತಿಂಗಳಲ್ಲಿ ಒಳ್ಳೆಯ ನೀರನ್ನೂ ಕೆಡಿಸುವ ಡಬ್ಬಿಯಾಗುತ್ತದೆ. ಜರಡಿ ಹಿಡಿದು ಕೂತವಳು ಹೊಟ್ಟು ಚೆಲ್ಲದೆ ಮೇಲಿಂದ ಮೇಲೆ ಹಿಟ್ಟು ಸುರಿಯುತ್ತಾಳೆಯೆ? ಊರಿನ ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಹಾಗೆ ಸುರಿಯುವುದೇ ಪದ್ಧತಿಯಾಗಿದೆ.

ಈ ಪದ್ಧತಿಯ ಬೆನ್ನಿಗೆ ಒಂದು ನಂಬಿಕೆ ಇದೆ. ವಿಧಾನಸೌಧದಿಂದ ಹಿಡಿದು ಹಳ್ಳಿಯ ಕಟ್ಟೆಯವರೆಗೆ ಅದಕ್ಕೆ ಎದುರಾಡುವವರು ಕಡಿಮೆ. ಫಿಲ್ಟರ್ ಎಂದರೆ ತರುವ ವಸ್ತು, ಕೂಡಿಸುವ ವಸ್ತು, ಉದ್ಘಾಟಿಸುವ ವಸ್ತು. ಅಲ್ಲಿಗೆ ಕೆಲಸ ಮುಗಿಯಿತು. ನಿಂತರೆ ಕಂಪನಿಯವರು ಬರಬೇಕು, ಅವರು ಬಾರದಿದ್ದರೆ ಹೊಸದು ಬರಬೇಕು. ನಡುವೆ ಊರಿನವರು ಮಾಡಬೇಕಾದ್ದು ಏನೂ ಇಲ್ಲ, ಮಾಡಲು ಅವರಿಗೆ ಬರುವುದೂ ಇಲ್ಲ. ಈ ನಂಬಿಕೆ ಎಲ್ಲರಿಗೂ ಹಿತವಾಗಿದೆ. ಗುತ್ತಿಗೆದಾರನಿಗೆ ಬಿಲ್ಲು ಪಾಸಾಗುತ್ತದೆ, ಜನಪ್ರತಿನಿಧಿಗೆ ಅಡಿಗಲ್ಲಿನ ಮೇಲೆ ಹೆಸರು ಬರುತ್ತದೆ, ಅಧಿಕಾರಿಗೆ ಗುರಿ ಮುಟ್ಟಿದ ವರದಿ ಸಿಗುತ್ತದೆ, ಊರಿನವರಿಗೆ ಜವಾಬ್ದಾರಿ ತಪ್ಪುತ್ತದೆ. ಹಿತವಿಲ್ಲದ್ದು ಕುಡಿಯುವವನ ಹೊಟ್ಟೆಗೆ ಮಾತ್ರ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಹುನ್ನೂರ, ಅದರ ಸುತ್ತಿನ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣೆ ಮತ್ತು ಘಟಪ್ರಭೆಯ ಸೀಮೆ. ನೀರಿಗೆ ಬರವಿರಬಾರದ ಜಾಗ. 2019ರ ಆಗಸ್ಟಿನಲ್ಲಿ ಇದೇ ಎರಡು ಹೊಳೆಗಳು ದಂಡೆಯ ಊರುಗಳನ್ನು ಮುಳುಗಿಸಿದವು. ಆದರೂ ಕುಡಿಯುವ ನೀರನ್ನು ಬೈಕಿನ ಮೇಲೆ ಕ್ಯಾನಿನಲ್ಲಿ ಹೇರಿಕೊಂಡು ತರುವುದು ಇಲ್ಲಿ ದಿನನಿತ್ಯದ ದೃಶ್ಯ. ಕಬ್ಬಿಗೆ ವರ್ಷಾನುಗಟ್ಟಲೆ ನೀರು ನಿಲ್ಲಿಸಿ ಎಷ್ಟೋ ಹೊಲ ಸವಳು-ಜವಳಾಯಿತು; ಬೋರ್‌ವೆಲ್ ನೀರಿಗೆ ಉಪ್ಪು ಏರಿತು; ಗೊಬ್ಬರದ ನೈಟ್ರೇಟ್ ಕೆಳಗಿಳಿಯಿತು. ಇದಕ್ಕೆ ಮದ್ದೆಂದು ಬಂದದ್ದು ಶುದ್ಧ ಕುಡಿಯುವ ನೀರಿನ ಘಟಕ, ಜನರ ಬಾಯಲ್ಲಿ ಚಿಕ್ಕದಾಗಿ ‘ಫಿಲ್ಟರ್’. 2013ರ ನಂತರದ ವರ್ಷಗಳಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ರಾಜ್ಯದ ಉದ್ದಗಲಕ್ಕೂ ಇಂಥ ಸಾವಿರಾರು ಘಟಕಗಳನ್ನು ಎಬ್ಬಿಸಿತು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ತುಂಬದ ದಿನ ಕೇಳಿಬರುವ ಮಾತು ಒಂದೇ: “ಕಂಪನ್ಯಾವ್ರು ಬರಬೇಕ್ರಿ, ನಮಗ ಅದು ತಿಳಿಯಾಂಗಿಲ್ಲ.”

ತಿಳಿಯದಂಥದ್ದು ಅದರಲ್ಲಿ ಏನಿದೆ ಎಂಬುದನ್ನು ನೋಡಲು ನಗರದ ಸಿರಿವಂತರ ಮನೆಯಂಗಳದ ಈಜುಕೊಳದಿಂದ ಶುರುಮಾಡುವುದು ಒಳ್ಳೆಯದು. ಹುನ್ನೂರಿನಂಥ ಊರುಗಳಲ್ಲಿ ಮನೆಗೊಂದು ಈಜುಕೊಳದ ಚಾಳಿಯಿಲ್ಲ. ಈಜು ಕಲಿಯಲು ಹೊಲದ ಬಾವಿ ಇದೆ, ಹೊಳೆ ಇದೆ. ಆದರೆ ಈಜುಕೊಳದ ಪಕ್ಕ ಚಿಕ್ಕ ಕೋಣೆಯಲ್ಲಿ ಕೂತಿರುವ ಯಂತ್ರವೇ, ಬಣ್ಣ ಬೇರೆ ಮಾಡಿಕೊಂಡು, ಊರಿನ ನೀರಿನ ಘಟಕದ ಬಾಗಿಲಲ್ಲೂ ನಿಂತಿದೆ.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳ ಹಿಡಿಯುವುದು 48,000 ಲೀಟರ್. ಪಂಪು ಆ ನೀರನ್ನು ಎಳೆದು, ಎಲೆ-ಕೂದಲು ಹಿಡಿಯುವ ಬುಟ್ಟಿಯಲ್ಲಿ ಹಾಯಿಸಿ, ದುಂಡನೆಯ ಫೈಬರ್ ಟ್ಯಾಂಕಿನೊಳಗಿನ ಉಸುಕಿನ ಮೇಲೆ ಸುರಿಯುತ್ತದೆ. ಉಸುಕಿನ ಹರಳು ಅರ್ಧ ಮಿಲಿಮೀಟರ್ ಆಸುಪಾಸು. ಅದರ ಸಂದುಗಳಲ್ಲಿ ಕಸ ಸಿಕ್ಕಿಬೀಳುತ್ತದೆ. ಸೋಸಿದ ನೀರು ತಳದಲ್ಲಿರುವ ಸೀಳುಗಳ ಕೊಳವೆಗಳ ಮೂಲಕ, ಅಂದರೆ ಲ್ಯಾಟರಲ್‌ಗಳ ಮೂಲಕ, ಕೊಳಕ್ಕೆ ಮರಳುತ್ತದೆ. ಟ್ಯಾಂಕಿನ ತಲೆಯ ಮೇಲೆ ಒಂದು ಪ್ರೆಶರ್ ಗೇಜು, ಹಿಡಿಕೆ ಇರುವ ಒಂದು ವಾಲ್ವು. ಉಸುಕು ಹೊಸದಾಗಿ ತೊಳೆದಾಗ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಟ್ಟುಕೊಳ್ಳಬೇಕು. ಅಲ್ಲಿಂದ 8-10 ಪಿಎಸ್‌ಐ ಮೇಲೇರಿತೆಂದರೆ ಉಸುಕಿನ ಹೊಟ್ಟೆ ತುಂಬಿತು. ಆಗ ಪಂಪು ಬಂದ್ ಮಾಡಿ, ಹಿಡಿಕೆಯನ್ನು ಒತ್ತಿ ಬ್ಯಾಕ್‌ವಾಶ್‌ಗೆ ತಿರುಗಿಸಿ, ಪಂಪು ಚಾಲೂ ಮಾಡಬೇಕು. ನೀರು ಕೆಳಗಿನಿಂದ ಮೇಲಕ್ಕೆ ನುಗ್ಗಿ ಉಸುಕನ್ನು ಎತ್ತಿ ಕುಲುಕುತ್ತದೆ. ವಾಲ್ವಿನ ಪಕ್ಕದ ಗಾಜಿನ ಬುರುಡೆಯಲ್ಲಿ ಮೊದಲು ಚಹಾದ ಬಣ್ಣದ ನೀರು ಕಾಣುತ್ತದೆ, ಎರಡು ಮೂರು ನಿಮಿಷಕ್ಕೆ ತಿಳಿಯಾಗುತ್ತದೆ. ಮತ್ತೆ ಪಂಪು ಬಂದ್, ಹಿಡಿಕೆ ರಿನ್ಸ್‌ಗೆ, ಅರ್ಧ ನಿಮಿಷ ಓಡಿಸಿ ಉಸುಕು ಕೂತ ಮೇಲೆ ಫಿಲ್ಟರ್ ಸ್ಥಾನಕ್ಕೆ ತರಬೇಕು. ನಿರ್ವಹಣೆ ಎಂಬ ದೊಡ್ಡ ಮಾತಿನ ಮುಕ್ಕಾಲು ಪಾಲು ಇಷ್ಟೇ.

ರಿಪೇರಿಯೂ ಇಂಥದ್ದೇ. ಪಂಪು ಓಡುತ್ತಿರುವಾಗಲೇ ಹಿಡಿಕೆ ತಿರುಗಿಸಿದರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಹರಿಯುತ್ತದೆ, ಸೋಸದ ನೀರು ಅಡ್ಡದಾರಿಯಲ್ಲಿ ಕೊಳ ಸೇರುತ್ತದೆ. ಕೊಳದ ತಳದಲ್ಲಿ ಉಸುಕು ಕಂಡರೆ ಲ್ಯಾಟರಲ್ ಮುರಿದಿದೆ. ಮುಳ್ಳು ಏರುವುದೇ ಇಲ್ಲವೆಂದರೆ ಪಂಪಿನ ಬುಟ್ಟಿ ಕಟ್ಟಿದೆ, ಇಲ್ಲವೆ ಎಲ್ಲೋ ಗಾಳಿ ಎಳೆಯುತ್ತಿದೆ. ಒತ್ತಡ ಸರಿಯಿದ್ದೂ ನೀರು ಮಬ್ಬಾದರೆ ಎಣ್ಣೆ-ಜಿಡ್ಡಿಗೆ ಉಸುಕು ಹೆಂಟೆಗಟ್ಟಿ, ನೀರು ನಡುವೆ ಸುರಂಗ ಮಾಡಿಕೊಂಡು ಸೋಸದೆ ಇಳಿಯುತ್ತಿದೆ. ಐದಾರು ವರ್ಷಕ್ಕೊಮ್ಮೆ ಉಸುಕನ್ನೇ ಬದಲಿಸಬೇಕು. ಇದಷ್ಟನ್ನೂ ನಗರದಲ್ಲಿ ಮಾಡುವವನು ಹತ್ತನೇ ತರಗತಿ ಮುಗಿಸಿ, ಮನೆಯಿಂದ ಮನೆಗೆ ಸ್ಕೂಟರ್ ಮೇಲೆ ತಿರುಗುವ ಹುಡುಗನಾಗಿರಬಹುದು. ಅವನಿಗೆ ತಿಳಿದದ್ದು ಹಳ್ಳಿಯ ನೀರಗಂಟಿಗೆ ತಿಳಿಯುವುದಿಲ್ಲವೆಂದು ತೀರ್ಮಾನ ಕೊಟ್ಟವರು ಯಾರು?

ಈಜುಕೊಳದ ಫಿಲ್ಟರ್‌ಗೆ ಸಿಗುವ ಆರೈಕೆ ಕುಡಿಯುವ ನೀರಿನ ಫಿಲ್ಟರ್‌ಗೆ ಏಕೆ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ಸುಲಭ, ಆದರೆ ಮರ್ಯಾದೆಯದ್ದಲ್ಲ. ಕೊಳ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ನೀರು ಹಸಿರಾಗುತ್ತದೆ, ಇಳಿದವರ ಕಣ್ಣು ಉರಿಯುತ್ತದೆ, ಅತಿಥಿಗಳೆದುರು ಮನೆಯೊಡೆಯನ ಮುಖ ಸಣ್ಣದಾಗುತ್ತದೆ. ಊರಿನ ಘಟಕದ ನೀರು ಕೆಟ್ಟರೆ ಕ್ಯಾನಿನಲ್ಲಿ ಅದೇ ತಿಳಿನೀರು. ಉಪ್ಪು, ನೈಟ್ರೇಟ್, ಸೂಕ್ಷ್ಮಾಣು ಯಾವುದಕ್ಕೂ ಬಣ್ಣವಿಲ್ಲ. ಮುಖ ಸಣ್ಣದಾಗಬೇಕಾದವರು ತಾಲ್ಲೂಕು ಕೇಂದ್ರದಲ್ಲಿರುತ್ತಾರೆ. ಅವರು ಆ ನೀರು ಕುಡಿಯುವುದಿಲ್ಲ. ಮೈ ತೊಳೆಯುವ ನೀರಿಗೆ ವಾರಕ್ಕೊಮ್ಮೆ ಬ್ಯಾಕ್‌ವಾಶ್, ಮಕ್ಕಳು ಕುಡಿಯುವ ನೀರಿಗೆ ಉದ್ಘಾಟನೆಯ ದಿನದ ಹೂವಿನ ಹಾರ. ಇದಕ್ಕೆ ಅಭಿವೃದ್ಧಿ ಎಂದು ಹೆಸರು.

ಅಂದಮಾತ್ರಕ್ಕೆ ಕೊಳದ ಮಾಲೀಕರೆಲ್ಲ ಜಾಣರೆಂದಲ್ಲ. ಉಸುಕು ತೊಳೆಯುವ ಬೇಸರಕ್ಕೆ ಕೊಳವನ್ನೇ ಬರಿದು ಮಾಡಿ ಹೊಸ ನೀರು ತುಂಬಿಸುವವರಿದ್ದಾರೆ. ಬ್ಯಾಕ್‌ವಾಶ್‌ಗೆ ಹೋಗುವುದು ಕೆಲವು ನೂರು ಲೀಟರ್; ಬರಿದು ಮಾಡಿದರೆ ಹೋಗುವುದು ಆ 48,000 ಲೀಟರ್, ಎಂದರೆ ಹಳ್ಳಿಯ 2,400 ಕ್ಯಾನು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಬೇಕಾಯಿತು. ಫಿಲ್ಟರ್ ಚೆನ್ನಾಗಿಟ್ಟ ಕೊಳಕ್ಕೆ ಅದೇ ನೀರು ಬಹುಕಾಲ ಸಾಕು ಎಂಬ ಪಾಠವನ್ನು ಮಾತ್ರ ಆ ಗದ್ದಲದಲ್ಲಿ ಯಾರೂ ದೊಡ್ಡ ದನಿಯಲ್ಲಿ ಹೇಳಲಿಲ್ಲ.

‘ಹಳ್ಳಿಯವರಿಗೆ ಬರುವುದಿಲ್ಲ’ ಎಂಬ ಮಾತು ಸುಳ್ಳೆನ್ನಲು ಬೆಂಗಳೂರಿನವರೆಗೆ ಹೋಗುವುದೂ ಬೇಡ. ಕಬ್ಬಿಗೆ ಡ್ರಿಪ್ ಹಾಕಿಸಿದ ಯಾವುದೇ ಹೊಲದ ಮೂಲೆಯಲ್ಲಿ ಪಂಪಿನ ಮನೆಯ ಪಕ್ಕ ಅದೇ ಯಂತ್ರ ನಿಂತಿದೆ. ಹೊಳೆ ಅಥವಾ ಬಾವಿಯ ನೀರಾದರೆ ಪಾಚಿ ಹಿಡಿಯಲು ಉಸುಕಿನ ಫಿಲ್ಟರ್, ಬೋರಿನ ನೀರಾದರೆ ಉಸುಕನ್ನೇ ಬೇರ್ಪಡಿಸಲು ಹೈಡ್ರೋಸೈಕ್ಲೋನ್, ಅದರ ಮುಂದೆ ಜಾಳಿಗೆಯ ಅಥವಾ ಡಿಸ್ಕ್ ಫಿಲ್ಟರ್. ಒಳಬರುವ ಕಡೆ ಒಂದು ಗೇಜು, ಹೊರಹೋಗುವ ಕಡೆ ಒಂದು. ಎರಡರ ನಡುವೆ ಅರ್ಧ ಕಿಲೋ ಒತ್ತಡದ ವ್ಯತ್ಯಾಸ ಬಂದರೆ ರೈತ ವಾಲ್ವು ತಿರುಗಿಸಿ ಉಸುಕು ತೊಳೆಯುತ್ತಾನೆ, ಡಿಸ್ಕ್ ಬಿಚ್ಚಿ ಬಕೀಟಿನಲ್ಲಿ ಬಿಲ್ಲೆಗಳನ್ನು ಉಜ್ಜುತ್ತಾನೆ. ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ದಿನಕ್ಕೆ ಹಲವು ಸಲ ತೊಳೆಯುತ್ತಾನೆ. ಡ್ರಿಪ್ಪರ್‌ನ ಬಾಯಲ್ಲಿ ಸವಳು ಕಟ್ಟಿದರೆ ಅಳತೆ ನೋಡಿ ಆಸಿಡ್ ಬಿಡುತ್ತಾನೆ, ಪಾಚಿ ಕಟ್ಟಿದರೆ ಕ್ಲೋರಿನ್. ತಪ್ಪಿದರೆ ಸಾಲು ಒಣಗುತ್ತದೆ ಎಂಬುದು ಅವನಿಗೆ ಗೊತ್ತು. ಬೆಳಿಗ್ಗೆ ಹೊಲದಲ್ಲಿ ಎರಡು ಗೇಜು ಓದಿ ಅರ್ಥಮಾಡಿಕೊಂಡವನು ಸಂಜೆ ಊರೊಳಗೆ ಬರುತ್ತಲೇ ಗೇಜು ಓದಲಾರದ ಅಜ್ಞಾನಿ ಆಗುವುದು ಹೇಗೆ? ಅಜ್ಞಾನ ಅವನದಲ್ಲ. ಹೊಲದ ಫಿಲ್ಟರ್‌ನ ಬೀಗದ ಕೈ ಅವನ ಹತ್ತಿರ ಇದೆ, ಊರಿನ ಫಿಲ್ಟರ್‌ನ ಬೀಗದ ಕೈ ಗುತ್ತಿಗೆಯ ಕಾಗದದಲ್ಲಿ ಸಿಕ್ಕಿಕೊಂಡಿದೆ.

ಈ ಸೀಮೆಯ ಜನರ ಕೈಯಲ್ಲಿ ಏನಾಗುತ್ತದೆ ಎಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿ ಕೃಷ್ಣೆಯ ನಡುವೆಯೇ ನಿಂತಿದೆ. ಚಿಕ್ಕಪಡಸಲಗಿಯ ಬ್ಯಾರೇಜನ್ನು ಕೃಷ್ಣಾ ತೀರ ರೈತ ಸಂಘದ ರೈತರು ತಮ್ಮ ದುಡ್ಡು, ತಮ್ಮ ದುಡಿಮೆ ಹಾಕಿ 1989ರಲ್ಲಿ ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ಎರಡೇ ವರ್ಷದ ಮೇಲೆ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಹೊಳೆಗೆ ಅಡ್ಡಗಟ್ಟೆ ಕಟ್ಟಿದವರಿಗೆ ಆಳೆತ್ತರದ ಟ್ಯಾಂಕಿನ ಉಸುಕು ತೊಳೆಯಲು ಬರುವುದಿಲ್ಲವಂತೆ!

ಊರಿನ ಘಟಕದೊಳಗೆ ಏನಿದೆಯೋ ಅದು ಸಾಲಾಗಿ ನಿಂತಿದೆ. ಮೊದಲು ಉಸುಕಿನ ಟ್ಯಾಂಕು, ಅದರ ಪಕ್ಕ ಇದ್ದಿಲಿನ ಟ್ಯಾಂಕು, ನಂತರ 5 ಮೈಕ್ರಾನಿನ ದಾರದ ಕಾರ್ಟ್ರಿಜ್, ಆಮೇಲೆ ಹೆಚ್ಚು ಒತ್ತಡದ ಪಂಪು, ಆರ್‌ಓ ಮೆಂಬ್ರೇನ್ ಇರುವ ಉದ್ದನೆಯ ಕೊಳವೆಗಳು, ಕೊನೆಗೆ ಯುವಿ ದೀಪ ಮತ್ತು ಸಂಗ್ರಹದ ಟ್ಯಾಂಕು. ಒಂದರ ಲೋಪ ಮುಂದಿನದರ ತಲೆಗೆ ಬರುತ್ತದೆ. ಉಸುಕು ತೊಳೆಯದಿದ್ದರೆ ರಾಡಿ ಇದ್ದಿಲಿಗೆ ಇಳಿಯುತ್ತದೆ. ಇದ್ದಿಲು ತುಂಬಿದರೆ ಕ್ಲೋರಿನ್ನನ್ನು ಹಿಡಿಯುವುದಿಲ್ಲ. ಕ್ಲೋರಿನ್ ಮೆಂಬ್ರೇನನ್ನು ತಿನ್ನುತ್ತದೆ. ಹಳೆಯ ಇದ್ದಿಲು ಸೂಕ್ಷ್ಮಾಣುಗಳಿಗೆ ಬೆಚ್ಚನೆಯ ಮನೆಯೂ ಆಗುತ್ತದೆ. ಕಾರ್ಟ್ರಿಜ್ ಕಟ್ಟಿ ನೀರು ಸಣ್ಣಗಾದಾಗ ಜನ ಬೈಯುತ್ತಾರೆಂದು ಅದನ್ನು ತೆಗೆದೇ ಓಡಿಸಿದರೆ ಆ ದಿನ ಕ್ಯಾನು ಬೇಗ ತುಂಬುತ್ತದೆ. ರಾಡಿ ನೇರ ಮೆಂಬ್ರೇನಿಗೆ ಹೋಗುತ್ತದೆ. ಉಪ್ಪು ಕಟ್ಟದಂತೆ ಬಿಡುವ ಔಷಧದ ಡಬ್ಬಿ ಖಾಲಿಯಾಗಿದ್ದರೆ ಮೆಂಬ್ರೇನಿನ ಮೇಲೆ ಸುಣ್ಣ ಕೂರುತ್ತದೆ. ಯುವಿ ದೀಪ ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಆದರೆ 8-9 ಸಾವಿರ ಗಂಟೆಗಳ ಮೇಲೆ ಅದಕ್ಕೆ ಕೊಲ್ಲುವ ಕಸುವಿರುವುದಿಲ್ಲ. ನೋಡುವವರಿಗೆ ಎಲ್ಲ ಚಾಲೂ ಇದೆ. ಸತ್ತ ಘಟಕವನ್ನು ಗುರುತಿಸಲು ಗೇಜು ನೋಡಿದರೆ ಸಾಕು: ಗಾಜು ಒಳಗಿನಿಂದ ಬೆವರಿ, ಪಂಪು ಬಂದಾದಾಗಲೂ ಮುಳ್ಳು ಅದೇ ಅಂಕಿಯ ಮೇಲೆ ಕೂತಿರುತ್ತದೆ.

ಲೆಕ್ಕದ ದೃಷ್ಟಿಯಿಂದಲೂ ಇದು ಮೂರ್ಖತನ. ಉಸುಕು ತೊಳೆಯಲು ಬೇಕಾದ್ದು ಹತ್ತು ನಿಮಿಷ ಮತ್ತು ಸ್ವಲ್ಪ ನೀರು. ಕಾರ್ಟ್ರಿಜ್ ಬದಲಿಸಲು ಕೆಲವು ನೂರು ರೂಪಾಯಿ. ಮೆಂಬ್ರೇನ್ ಬದಲಿಸಲು ಸಾವಿರಾರು ರೂಪಾಯಿ. ಹತ್ತು ನಿಮಿಷ ಉಳಿಸಿ ಸಾವಿರಾರು ಕಳೆದುಕೊಳ್ಳುವುದಕ್ಕೆ ಊರಿನ ಕಿರಾಣಿ ಅಂಗಡಿಯವನೂ ಒಪ್ಪುವುದಿಲ್ಲ. ಸರ್ಕಾರಿ ಲೆಕ್ಕದಲ್ಲಿ ಮಾತ್ರ ಇದು ನಡೆಯುತ್ತದೆ, ಏಕೆಂದರೆ ಅಲ್ಲಿ ಉಸುಕು ತೊಳೆದವನಿಗೆ ಯಾವ ಬಿಲ್ಲೂ ಇಲ್ಲ, ಮೆಂಬ್ರೇನ್ ತಂದವನಿಗೆ ಬಿಲ್ಲಿದೆ.

ಯಂತ್ರ ದುಬಾರಿಯಾದಷ್ಟೂ ನೀರು ಶುದ್ಧ ಎಂಬ ಇನ್ನೊಂದು ಭ್ರಮೆ ಈ ನಂಬಿಕೆಯ ಬೆನ್ನಿಗಂಟಿಕೊಂಡೇ ಬಂದಿದೆ. ಇದನ್ನು ಒಡೆಯಲು 1892ರ ಜರ್ಮನಿಯ ಕಥೆ ಸಾಕು. ಹ್ಯಾಂಬರ್ಗ್ ನಗರ ಎಲ್ಬೆ ಹೊಳೆಯ ನೀರನ್ನು ಮೇಲುಭಾಗದಲ್ಲಿ ಎತ್ತಿ, ಸೋಸದೆ ಜನರಿಗೆ ಕೊಡುತ್ತಿತ್ತು. ಅದಕ್ಕೆ ಅಂಟಿಕೊಂಡ ಆಲ್ಟೋನಾ ಊರು ಕೆಳಭಾಗದಲ್ಲಿ, ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ನೀರನ್ನೇ ಎತ್ತಿ, ಉಸುಕಿನಲ್ಲಿ ನಿಧಾನ ಸೋಸಿ ಕೊಡುತ್ತಿತ್ತು. ಆ ವರ್ಷ ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ ಸತ್ತವರು ಸುಮಾರು 8,600 ಜನ. ಎರಡೂ ಊರುಗಳ ಗಡಿಯಾದ ಬೀದಿಯಲ್ಲಿ ಒಂದು ಮಗ್ಗುಲಿಗೆ ರೋಗ, ಎದುರು ಮಗ್ಗುಲಿಗೆ ಇಲ್ಲ. ವಿದ್ಯುತ್ತಿಲ್ಲ, ಮೆಂಬ್ರೇನಿಲ್ಲ, ಬರೀ ಉಸುಕು ಮತ್ತು ಅದನ್ನು ಹೆರೆದು ತೊಳೆಯುವ ಆಳುಗಳು.

ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚಳಿಗಾಲದಲ್ಲಿ ಆಲ್ಟೋನಾದಲ್ಲೂ ಕಾಲರಾ ಕಾಣಿಸಿತು. ಸೂಕ್ಷ್ಮಾಣು ವಿಜ್ಞಾನಿ ರಾಬರ್ಟ್ ಕಾಖ್ ಹೋಗಿ ನೋಡಿದಾಗ ಸಿಕ್ಕ ಕಾರಣ, ಸ್ವಚ್ಛ ಮಾಡುವಾಗ ಮೇಲ್ಮೈ ಹೆಪ್ಪುಗಟ್ಟಿ ಕೆಟ್ಟಿದ್ದ ಉಸುಕಿನ ಹಾಸು. ಪ್ರತಿ ಫಿಲ್ಟರಿನ ನೀರನ್ನೂ ಬೇರೆ ಬೇರೆಯಾಗಿ, ದಿನದಿನವೂ ಪರೀಕ್ಷಿಸಬೇಕೆಂದು ಅವರು ಹೇಳಿದ್ದು ಆಮೇಲೆ. ಸಾವಿರಾರು ಜನರನ್ನು ಉಳಿಸಿದ ಅದೇ ಫಿಲ್ಟರ್ ಒಂದು ತೊಳೆತದ ಲೋಪಕ್ಕೆ ರೋಗ ಹಂಚಿತು. ನೂರು ವರ್ಷದ ನಂತರ, 1993ರಲ್ಲಿ, ಅಮೆರಿಕದ ಮಿಲ್ವಾಕೀ ನಗರದ ಶುದ್ಧೀಕರಣ ಘಟಕವೊಂದರ ಫಿಲ್ಟರ್‌ಗಳು ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿಯನ್ನು ತಡೆಯದೆ ಹೋದಾಗ ಸುಮಾರು 4 ಲಕ್ಷ ಜನ ವಾಂತಿ-ಭೇದಿಯಿಂದ ಮಲಗಿದರು. ಕ್ಲೋರಿನ್ ಅದನ್ನು ಕೊಲ್ಲಲಾರದು, ಹಾಗಾಗಿ ಫಿಲ್ಟರೇ ಕೊನೆಯ ಬಾಗಿಲು. ದೂರದ ಮಾತು ಬೇಡವೆನ್ನುವವರು 2022ರ ರಾಯಚೂರನ್ನು ನೆನೆಯಬಹುದು. ಮೇ-ಜೂನ್ ಹೊತ್ತಿಗೆ ನಗರಸಭೆಯ ನಲ್ಲಿಯ ನೀರು ಕುಡಿದು ಹಲವರು ಸತ್ತರು. ಶುದ್ಧೀಕರಣ ಘಟಕದ ನಿರ್ವಹಣೆ ಹೇಗಿತ್ತು ಎಂಬ ಪ್ರಶ್ನೆ ಎದ್ದದ್ದು ಹೆಣಗಳು ಬಿದ್ದ ಮೇಲೆ. ಘಟಕ ಅಲ್ಲಿ ಇತ್ತು. ಫಿಲ್ಟರ್ ಇತ್ತು. ಕಟ್ಟಡವೂ ಇತ್ತು.

ಆರ್‌ಓ ಬೇಡವೇ ಬೇಡ ಎಂದು ಯಾರೂ ವಾದಿಸಬೇಕಿಲ್ಲ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದಲ್ಲಿ, ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ದಾಟಿದಲ್ಲಿ, ಬೋರಿನ ನೀರು ಬಾಯಿಗೆ ಹಾಕದಷ್ಟು ಸವಳಾದಲ್ಲಿ ಉಸುಕು ಏನನ್ನೂ ಮಾಡಲಾರದು. ಆದರೆ ಹೊಳೆಯ ನೀರು ಸಿಗುವ ಊರಿಗೂ ಅದೇ ಯಂತ್ರ, ಸವಳು ಬೋರಿನ ಊರಿಗೂ ಅದೇ ಯಂತ್ರ ಎಂದರೆ ಏನರ್ಥ? ನೀರನ್ನು ಪರೀಕ್ಷಿಸಿ ಯಂತ್ರ ಆರಿಸಿಲ್ಲ, ಯಂತ್ರ ಆರಿಸಿ ನೀರನ್ನು ಹುಡುಕಿದ್ದಾರೆ ಎಂದರ್ಥ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಭಾರತೀಯ ಮಾನಕದ ಪ್ರಕಾರ ಅದು ಒಪ್ಪತಕ್ಕ ನೀರು. ಅಂಥ ಕಡೆ ಆರ್‌ಓ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಹೊಳೆಯ ನೀರಿಗೆ ಬೇಕಾದ್ದು ರಾಡಿ ತೆಗೆಯುವ ಉಸುಕು, ಸೂಕ್ಷ್ಮಾಣು ಕೊಲ್ಲುವ ಕ್ಲೋರಿನ್, ನಲ್ಲಿಯ ತುದಿಯಲ್ಲೂ ಉಳಿಯುವ 0.2 ಮಿಲಿಗ್ರಾಂ ಕ್ಲೋರಿನ್. ಅಗ್ಗ, ಸರಳ, ಊರಿನವರೇ ನಡೆಸಬಲ್ಲಂಥದ್ದು. ಬಹುಶಃ ಅಗ್ಗ ಎಂಬುದೇ ಅದರ ದೋಷ.

ಆರ್‌ಓ ಬಿಸಾಡುವ ನೀರಿನ ಮಾತನ್ನು ಯಾರೂ ಎತ್ತುವುದಿಲ್ಲ. ಮನೆಯ ಯಂತ್ರ ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಊರಿನ ದೊಡ್ಡ ಘಟಕ ಚೆನ್ನಾಗಿದ್ದರೂ ಅರ್ಧದಷ್ಟು. ಮೆಂಬ್ರೇನ್ ಕಟ್ಟಿದಂತೆ ಈ ಪಾಲು ಏರುತ್ತದೆ. ಆ ನೀರಿನಲ್ಲಿ ಉಪ್ಪು ಮೊದಲಿಗಿಂತ ದಟ್ಟ. ಅದು ಗಟಾರಿಗೆ, ಗಟಾರಿನಿಂದ ಹಳ್ಳಕ್ಕೆ, ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ಸವಳಿನಿಂದ ತಪ್ಪಿಸಿಕೊಳ್ಳಲು ಕೂಡಿಸಿದ ಯಂತ್ರ ಸವಳನ್ನೇ ಮತ್ತೆ ಊರಿಗೆ ಹಂಚುತ್ತದೆ, ಅದೂ ಸವಳಿನಿಂದಲೇ ನರಳುತ್ತಿರುವ ಕಬ್ಬಿನ ಸೀಮೆಯಲ್ಲಿ.

ಹಣವಿಲ್ಲ ಎಂಬುದು ಕೊನೆಯ ನೆಪ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಘಟಕದ ಗುತ್ತಿಗೆಯಲ್ಲಿ ಕೆಲವು ವರ್ಷಗಳ ನಿರ್ವಹಣೆಯೂ ಸಾಮಾನ್ಯವಾಗಿ ಸೇರಿರುತ್ತದೆ. ನಾಣ್ಯದ ಪೆಟ್ಟಿಗೆಯಲ್ಲಿ ದಿನವೂ ದುಡ್ಡು ಬೀಳುತ್ತದೆ. ದಿನಕ್ಕೆ ನೂರು ಕ್ಯಾನು, ಕ್ಯಾನಿಗೆ 5 ರೂಪಾಯಿ ಎಂದರೂ ತಿಂಗಳಿಗೆ 15,000 ರೂಪಾಯಿ. ಕಾರ್ಟ್ರಿಜ್, ಔಷಧ, ಉಸುಕು, ಇದ್ದಿಲು, ನೋಡಿಕೊಳ್ಳುವವನ ಕೂಲಿಯ ಒಂದು ಭಾಗ ಇದರಲ್ಲಿ ಹುಟ್ಟುತ್ತದೆ. ಪೆಟ್ಟಿಗೆ ತೆರೆಯುವವರು ಯಾರು, ಲೆಕ್ಕ ಎಲ್ಲಿದೆ, ಆ ದುಡ್ಡಿನಲ್ಲಿ ಕೊನೆಯ ಸಲ ಉಸುಕು ಬದಲಾದದ್ದು ಎಂದು? ಗ್ರಾಮಸಭೆಯಲ್ಲಿ ಗಟಾರ, ಬೀದಿದೀಪಗಳ ಮೇಲೆ ಗಂಟೆಗಟ್ಟಲೆ ಜಗಳವಾಗುತ್ತದೆ. ಈ ಮೂರು ಪ್ರಶ್ನೆಗಳು ಕೇಳಿಬರುವುದಿಲ್ಲ.

ಕೆಟ್ಟರೆ ಹೊಸದು ತರುವುದೆಂಬ ಚಟವೂ ಈ ನಿಶ್ಶಬ್ದದಲ್ಲೇ ಬೆಳೆಯುತ್ತದೆ. ನಿಂತ ಘಟಕದಲ್ಲಿ ಪಂಪಿನ ಸೀಲು ಹೋಗಿರಬಹುದು, ಬೋರ್ಡಿನ ರಿಲೇ ಸುಟ್ಟಿರಬಹುದು, ನಾಣ್ಯದ ಪೆಟ್ಟಿಗೆ ಸಿಕ್ಕಿಕೊಂಡಿರಬಹುದು. ಮೋಟಾರು ಕಟ್ಟುವ ರಿವೈಂಡಿಂಗ್ ಅಂಗಡಿ, ಸಬ್‌ಮರ್ಸಿಬಲ್ ಎತ್ತುವ ಗಾಡಿ, ವೆಲ್ಡಿಂಗ್ ಅಂಗಡಿ ಈ ತಾಲ್ಲೂಕುಗಳ ಪೇಟೆಗಳಲ್ಲಿ ಹೊಸವಲ್ಲ. ಬನಹಟ್ಟಿ, ರಬಕವಿಯ ನೇಕಾರರ ನಡುವೆ ಪವರ್‌ಲೂಮ್ ಬಿಚ್ಚಿ ಜೋಡಿಸುವ ಕೈಗಳಿವೆ. ಆದರೆ ಘಟಕವನ್ನು ಅವರು ಮುಟ್ಟುವಂತಿಲ್ಲ. ನಕ್ಷೆ ಪಂಚಾಯಿತಿಯಲ್ಲಿಲ್ಲ, ಬಿಡಿಭಾಗದ ಪಟ್ಟಿ ಇಲ್ಲ, ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆಂಬ ಹೆದರಿಕೆ ಬೇರೆ. ಗ್ಯಾರಂಟಿ ಹಿಡಿದುಕೊಂಡು ಊರು ಸವಳು ನೀರು ಕುಡಿಯುತ್ತದೆ.

ಹೀಗೆಯೇ ಮುಂದುವರಿಯಬೇಕಾದ ಯಾವ ಅಗತ್ಯವೂ ಇಲ್ಲ. ಮೊದಲು ಬದಲಾಗಬೇಕಾದ್ದು ಬಿಲ್ಲು. ಕೂಡಿಸಿದ್ದಕ್ಕೆ ಪೂರ್ತಿ ದುಡ್ಡು ಕೊಡುವುದನ್ನು ನಿಲ್ಲಿಸಿ, ಅದರ ದೊಡ್ಡ ಪಾಲನ್ನು ವರ್ಷಾನುವರ್ಷ ಪರೀಕ್ಷೆಯಲ್ಲಿ ಪಾಸಾದ ನೀರಿಗೆ ಮಾತ್ರ ಕೊಡಬೇಕು. ನೀರು ಪಾಸಾಗದ ತಿಂಗಳಿಗೆ ದುಡ್ಡಿಲ್ಲ. ಬೀಗದ ಕೈ ಪಂಚಾಯಿತಿಗೆ ಬರಬೇಕು, ಜತೆಗೆ ನಕ್ಷೆ, ಬಿಡಿಭಾಗದ ಪಟ್ಟಿ, ಎರಡು ಕಾರ್ಟ್ರಿಜ್, ಒಂದು ಗ್ಯಾಸ್ಕೆಟ್, ಒಂದು ಒಳ್ಳೆಯ ಗೇಜು. ನೀರಗಂಟಿಗೆ ತರಬೇತಿ ಎಂದರೆ ಜಿಲ್ಲಾ ಕೇಂದ್ರದಲ್ಲಿ ಕೂಡಿಸಿ ಭಾಷಣ ಕೇಳಿಸುವುದಲ್ಲ. ಊರಿನ ಘಟಕದೆದುರು ನಿಲ್ಲಿಸಿ ಮೂರು ಸಲ ಬ್ಯಾಕ್‌ವಾಶ್ ಮಾಡಿಸಬೇಕು, ಕಲಿಸಲು ಡ್ರಿಪ್ ಇಟ್ಟ ರೈತನನ್ನೇ ಕರೆದರೂ ಆದೀತು. ಆ ಕೆಲಸಕ್ಕೆ ಪ್ರತ್ಯೇಕ ಕೂಲಿ ಇರಬೇಕು. ಪುಕ್ಕಟೆ ಸೇವೆಯ ಮೇಲೆ ನಿಂತ ಫಿಲ್ಟರ್ ದೀಪಾವಳಿಯವರೆಗೂ ಬಾಳುವುದಿಲ್ಲ. ಜಲ ಜೀವನ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡುವ ಏರ್ಪಾಡು ಇದೆ. ಆ ಕಿಟ್ ಕಪಾಟಿನಿಂದ ಹೊರಬರಬೇಕು. ಟಿಡಿಎಸ್ ಮೀಟರ್ ಉಪ್ಪನ್ನಷ್ಟೇ ಹೇಳುತ್ತದೆ. ಸೂಕ್ಷ್ಮಾಣುವಿಗೆ ಎಚ್‌2ಎಸ್ ಬಾಟಲಿ ಬೇಕು, ನೀರು ಹೊಲಸಾಗಿದ್ದರೆ ಅದು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕಪ್ಪಾದ ಬಾಟಲಿಯನ್ನು ನಾಣ್ಯದ ಪೆಟ್ಟಿಗೆಯ ಮೇಲೆಯೇ ತಂದಿಡಬೇಕು, ಎಲ್ಲರೂ ನೋಡಲಿ.

ಘಟಕದ ಗೋಡೆಯ ಮೇಲೆ ಉದ್ಘಾಟಕರ ಹೆಸರಿಗೆ ಎಷ್ಟು ಜಾಗ ಕೊಟ್ಟಿದೆಯೋ ಅಷ್ಟೇ ಜಾಗದಲ್ಲಿ ಕಪ್ಪು ಬಣ್ಣ ಬಳಿದು ಐದು ಸಾಲು ಬರೆಸಬೇಕು: ಉಸುಕು ತೊಳೆದ ತಾರೀಖು, ತೊಳೆಯುವ ಮೊದಲಿನ ಮತ್ತು ನಂತರದ ಒತ್ತಡ, ಕಾರ್ಟ್ರಿಜ್ ಬದಲಿಸಿದ ದಿನ, ಕೊನೆಯ ಪರೀಕ್ಷೆಯ ಫಲ, ತೊಳೆದವರ ಹೆಸರು. ಸುಣ್ಣದ ಕಡ್ಡಿಯ ಖರ್ಚು ಎಲ್ಲಿಂದ ಎಂದು ಇಲಾಖೆ ಕೇಳಿದರೆ ಪೆಟ್ಟಿಗೆಯ ಮೊದಲ ನಾಣ್ಯದಿಂದ ಕೊಡಬಹುದು. ಸತತ ಎರಡು ವಾರ ಆ ಸಾಲುಗಳು ಖಾಲಿ ಇದ್ದರೆ ಘಟಕಕ್ಕೆ ಬೀಗ ಹಾಕಿ, ಟ್ಯಾಂಕರ್ ನೀರಿನ ಖರ್ಚನ್ನು ಗುತ್ತಿಗೆದಾರನ ಠೇವಣಿಯಿಂದ ಮುರಿದುಕೊಳ್ಳುವ ಠರಾವನ್ನು ಪಂಚಾಯಿತಿ ಬರುವ ಸಾಮಾನ್ಯ ಸಭೆಯಲ್ಲೇ ಪಾಸು ಮಾಡಬೇಕು.